ನೆಲದ ನಿಗಾಕ್ಕಾಗಿ ಮಳೆಮಾಪನ: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ

ಕೆರೆಯ ಏರಿ, ಕಾಲುವೆಯ ದಂಡೆ, ಹೆದ್ದಾರಿಗಾಗಿ ಕಡಿದ ಗುಡ್ಡದ ಮೈ, ಸೇತುವೆಯ ಬುಡ, ಎರೆಮಣ್ಣಿನ ಮೇಲೆ ಎದ್ದ ಕಟ್ಟಡ ಇವೆಲ್ಲ ಮಳೆಗೆ ಹೇಗೆ ಸ್ಪಂದಿಸುತ್ತವೆ ಎಂದು ತಿಳಿಯಲು ಅವುಗಳ ಹತ್ತಿರವೇ ಮಳೆಯನ್ನು ಅಳೆದು, ನೆಲದೊಳಗಿನ ನೀರಿನ ಅಳತೆಯೊಂದಿಗೆ ಹೊಂದಿಸಿ ನೋಡುವ ಕ್ರಮಕ್ಕೆ ಭೂತಾಂತ್ರಿಕ ಮಳೆಮಾಪನ ಎನ್ನಬಹುದು. ಬಿತ್ತನೆಗೆ ಹದವಾಯಿತೇ ಎಂಬುದು ರೈತರ ಪ್ರಶ್ನೆ. ಹವಾಮಾನ ಇಲಾಖೆಗೆ ಬೇಕಾದದ್ದು ದಿನದ ಮೊತ್ತ ಮತ್ತು ವಾಡಿಕೆ ಮಳೆಯ ಹೋಲಿಕೆ. ಏರಿ ಕಾಯುವ ಎಂಜಿನಿಯರ್‌ಗೆ ಇವೆರಡೂ ಸಾಲವು. ಈ ಜಾಗದಲ್ಲಿ, ಈ ತಾಸಿನಲ್ಲಿ ಎಷ್ಟು ಬಿತ್ತು, ಅದಕ್ಕೂ ಹಿಂದಿನ ದಿನಗಳಲ್ಲಿ ನೆಲ ಎಷ್ಟು ಕುಡಿದಿತ್ತು ಎಂಬುದು ಅವರಿಗೆ ತಿಳಿಯಬೇಕು.

ಬೆಳಗಾವಿ ಜಿಲ್ಲೆಯ ಉತ್ತರ ತುದಿಯ ಈ ಐದು ತಾಲ್ಲೂಕುಗಳಲ್ಲಿ ವಿಷಯ ಇನ್ನಷ್ಟು ಜಟಿಲ. ಇಲ್ಲಿ ನೀರು ಎರಡು ದಾರಿಯಲ್ಲಿ ಬರುತ್ತದೆ. ಒಂದು, ಊರ ಮೇಲೆಯೇ ಸುರಿಯುವ ಮಳೆ. ಇನ್ನೊಂದು, ಸಹ್ಯಾದ್ರಿಯಲ್ಲಿ ಸುರಿದು ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳಾಗಿ ಹರಿದು ಬರುವ ಮಳೆ. ಊರಿನ ಮಾಪಕದಲ್ಲಿ ಹನಿಯೂ ಇಲ್ಲದ ದಿನ ಹೊಳೆಯ ದಂಡೆ ಕುಸಿಯಬಹುದು. ಒಂದೇ ಮಾಪಕ ನೋಡಿ ನೆಲ ಸುರಕ್ಷಿತ ಎಂದು ತೀರ್ಮಾನಿಸುವುದು ಈ ಸೀಮೆಯಲ್ಲಿ ಅಪಾಯಕಾರಿ.

ಸೀಮೆಯ ಮಳೆ, ಸೀಮೆಯ ಮಣ್ಣು

ನಿಪ್ಪಾಣಿಯಿಂದ ಅಥಣಿಗೆ ನೂರು ಕಿಲೋಮೀಟರಿನೊಳಗಿನ ದಾರಿ. ಇಷ್ಟು ದೂರದಲ್ಲೇ ಮಳೆಯ ಸ್ವಭಾವ ಬದಲಾಗುತ್ತದೆ. ನಿಪ್ಪಾಣಿಯ ಪಶ್ಚಿಮ ಅಂಚು ಘಟ್ಟದ ಗಾಳಿಗೆ ಹತ್ತಿರವಿದ್ದು, ಜುಲೈನಲ್ಲಿ ಜಿಟಿಜಿಟಿ ಮಳೆ ದಿನಗಟ್ಟಲೆ ಹಿಡಿಯುತ್ತದೆ. ಪೂರ್ವಕ್ಕೆ ಸರಿದಂತೆ ಮಳೆನೆರಳು ದಟ್ಟವಾಗುತ್ತದೆ. ಅಥಣಿ, ರಾಯಬಾಗದ ಕಡೆ ವರ್ಷದ ಮಳೆ ಸುಮಾರು 500ರಿಂದ 600 ಮಿಲಿಮೀಟರ್. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಗುಡುಗುಮಳೆಯಾಗಿ, ಉತ್ತರೆ, ಹಸ್ತ, ಚಿತ್ತೆಯ ಹೊತ್ತಿಗೆ ಒಮ್ಮೆಲೇ ಬೀಳುತ್ತದೆ. ಇದಕ್ಕೆ ಎದುರಾಗಿ ಘಟ್ಟದ ನೆತ್ತಿಯ ಅಂಬೋಲಿಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿನ ಆಸುಪಾಸು ಸುರಿಯುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರ ನಾಡುನಾಡಿನ ಮಳೆಯನ್ನು ದ್ರೋಣದ ಲೆಕ್ಕದಲ್ಲಿ ಹೇಳಿ, ಕೊಂಕಣದ ಅಪರಾಂತಕ್ಕೆ ಬಂದಾಗ ಮಾತ್ರ ಮಿತಿಯಿಲ್ಲ ಎನ್ನುತ್ತದೆ. ಉಗ್ರಾಣದ ಮುಂದೆ ಮಳೆ ಅಳೆಯುವ ಪಾತ್ರೆ ಇಡಬೇಕೆಂಬ ವಿಧಿಯೂ ಆ ಗ್ರಂಥದಲ್ಲಿದೆ.

ಈ ಸೀಮೆಯ ಬಹುಭಾಗದ ಅಡಿಯಲ್ಲಿರುವುದು ದಕ್ಕನ್ ಟ್ರ್ಯಾಪ್‌ನ ಕಪ್ಪು ಕಲ್ಲು. ಅದು ಸವೆದು ಆದದ್ದೇ ಎರೆಮಣ್ಣು. ಇದರಲ್ಲಿರುವ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿ ಖನಿಜ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹೊಲ ಬಾಯಿಬಿಟ್ಟಾಗ ಬಿರುಕಿನಲ್ಲಿ ಮೊಣಕೈವರೆಗೆ ಕೈ ಇಳಿಯುತ್ತದೆ. ಕಾಲುವೆಯ ಏರಿಯೂ ಇದೇ ಮಣ್ಣಿನದಾದರೆ ಅದರ ನೆತ್ತಿಯಲ್ಲೂ ಇಂಥ ಸೀಳುಗಳೇ.

ಆದ್ದರಿಂದಲೇ ಒಂದೇ ಪ್ರಮಾಣದ ಮಳೆ ಎರಡು ಕಾಲದಲ್ಲಿ ಎರಡು ಬಗೆಯ ಕೆಲಸ ಮಾಡುತ್ತದೆ. ಜೂನ್‌ನಲ್ಲಿ, ಮಿರಗದ ಹೊತ್ತಿನಲ್ಲಿ ಬಿದ್ದ 50 ಮಿಲಿಮೀಟರ್ ಮಣ್ಣಿನ ಮೈ ನೆನೆಸುವ ಮೊದಲೇ ಸೀಳುಗಳ ಮೂಲಕ ನೇರ ಏರಿಯ ಒಡಲಿಗೆ ಇಳಿಯುತ್ತದೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ಮೆತ್ತಗಾಗಿರುತ್ತದೆ. ಸೆಪ್ಟೆಂಬರ್ ಹೊತ್ತಿಗೆ ಮಣ್ಣು ಉಬ್ಬಿ ಸೀಳುಗಳು ಮುಚ್ಚಿರುತ್ತವೆ. ಆಗ ಬಿದ್ದ 50 ಮಿಲಿಮೀಟರ್ ಒಳಗಿಳಿಯದೆ ಮೇಲೆಯೇ ನಿಂತು, ಹರಿದು, ಇಳಿಜಾರನ್ನು ಕೊರೆಯುತ್ತದೆ. ಮಳೆಯ ಅಂಕಿಯ ಪಕ್ಕದಲ್ಲಿ ಸೀಳಿನ ಆಳ, ಅಗಲ ಬರೆದಿಡದ ದಾಖಲೆ ಎರೆಮಣ್ಣಿನ ನಾಡಿನಲ್ಲಿ ಅರ್ಧ ದಾಖಲೆ.

ಉಬ್ಬುವ ಮಣ್ಣಿನ ಮೇಲೆ ಕಾಲುವೆಯ ಕಾಂಕ್ರೀಟ್ ಹೊದಿಕೆ ಬಿರಿಯುವುದನ್ನು ತಡೆಯಲು ಐಐಟಿ ಮುಂಬೈನ ಪ್ರೊ. ಆರ್. ಕೆ. ಕಟ್ಟಿ ಅವರು ಉಬ್ಬದ ಅಂಟುಮಣ್ಣಿನ ಪದರವೊಂದನ್ನು ನಡುವೆ ಹಾಸುವ ವಿಧಾನವನ್ನು ರೂಪಿಸಿದರು. ಮಲಪ್ರಭಾ ಕಾಲುವೆ ಈ ಅಧ್ಯಯನದ ಮುಖ್ಯ ನೆಲೆಗಳಲ್ಲಿ ಒಂದು. ಬೆಳಗಾವಿ ಜಿಲ್ಲೆಯ ನೀರಾವರಿಗೆ ಇದರಿಂದ ಆದ ಉಪಕಾರ ದೊಡ್ಡದು.

ಮಳೆ ನೆಲವನ್ನು ಹೇಗೆ ಸಡಿಲಿಸುತ್ತದೆ

ಮಣ್ಣಿನ ಕಣಗಳು ಒಂದನ್ನೊಂದು ಒತ್ತಿ ಹಿಡಿದಿರುವುದರಿಂದ ಇಳಿಜಾರು ನಿಲ್ಲುತ್ತದೆ. ಕಣಗಳ ಸಂದಿನಲ್ಲಿ ನೀರು ತುಂಬಿ ಅದರ ಒತ್ತಡ ಏರಿದರೆ, ಅಷ್ಟರಮಟ್ಟಿಗೆ ಕಣಗಳ ಹಿಡಿತ ಸಡಿಲವಾಗುತ್ತದೆ. ಕಾರ್ಲ್ ಟೆರ್ಜಾಗಿ ಕಳೆದ ಶತಮಾನದ ಮೊದಲ ಭಾಗದಲ್ಲಿ ಸ್ಥಾಪಿಸಿದ ಈ ತತ್ವವೇ ಮಣ್ಣಿನ ಯಂತ್ರಶಾಸ್ತ್ರದ ಬುನಾದಿ. ಏರಿಯೊಳಗೆ ನೀರಿನ ಮಟ್ಟ ಒಂದು ಮೀಟರ್ ಏರಿದರೆ ಸಂದಿನ ಒತ್ತಡ 9.81 ಕಿಲೋಪಾಸ್ಕಲ್ ಏರುತ್ತದೆ. ಇದನ್ನು ಅಳೆಯುವುದು ಪೀಜೋಮೀಟರ್. ಒತ್ತಡ ಏರಿದ್ದು ಮಳೆಯಿಂದಲೋ, ಕಾಲುವೆಗೆ ನೀರು ಬಿಟ್ಟಿದ್ದರಿಂದಲೋ, ಒಳಗೆ ಹೊಸದಾಗಿ ಸೋರುದಾರಿ ಬಿದ್ದಿದ್ದರಿಂದಲೋ ಎಂದು ಪೀಜೋಮೀಟರ್ ತಾನಾಗಿ ಹೇಳಲಾರದು. ಮೂರನೆಯ ಕಾರಣವಾದರೆ ಆ ರಾತ್ರಿಯೇ ಜನರನ್ನು ಎಬ್ಬಿಸಬೇಕಾಗುತ್ತದೆ. ಮೊದಲನೆಯದಾದರೆ ಎರಡು ದಿನ ಕಾದು ನೋಡಬಹುದು. ಈ ವ್ಯತ್ಯಾಸ ತಿಳಿಸುವ ಸಾಧನಗಳಲ್ಲಿ ಪಕ್ಕದ ಮಳೆಮಾಪಕಕ್ಕಿಂತ ಅಗ್ಗದ್ದು ಇನ್ನೊಂದಿಲ್ಲ.

ಒಂದು ಲೆಕ್ಕ ನೋಡೋಣ. ಮಣ್ಣಿನ ಅಣೆಕಟ್ಟಿನ ಬುಡದಲ್ಲಿ ಒಸರುವ ನೀರನ್ನು ಚರಂಡಿಯಲ್ಲಿ ಕೂಡಿಸಿ, ‘ವಿ’ ಆಕಾರದ ಕಚ್ಚಿನ ಮೂಲಕ ಹರಿಸಿ ಅಳೆಯುತ್ತಾರೆ. 90 ಡಿಗ್ರಿಯ ಕಚ್ಚಿನಲ್ಲಿ ನೀರಿನ ಎತ್ತರ 10 ಸೆಂಟಿಮೀಟರ್ ಇದ್ದರೆ ಹರಿವು ಸೆಕೆಂಡಿಗೆ ಸುಮಾರು 4.4 ಲೀಟರ್. ಈಗ ಆ ಚರಂಡಿಗೆ ನೀರು ಕೊಡುವ ಇಳಿಜಾರಿನ ವಿಸ್ತೀರ್ಣ ಒಂದು ಹೆಕ್ಟೇರ್ ಎಂದುಕೊಳ್ಳಿ. ಅಲ್ಲಿ 10 ಮಿಲಿಮೀಟರ್ ಮಳೆಯಾದರೆ 100 ಘನ ಮೀಟರ್ ನೀರು. ಅದಷ್ಟೂ ಆರು ತಾಸಿನಲ್ಲಿ ಹರಿದುಹೋದರೆ ಸೆಕೆಂಡಿಗೆ 4.6 ಲೀಟರ್ ಆಗುತ್ತದೆ. ಅಂದರೆ ಸಾಧಾರಣ ಮಳೆಯೊಂದೇ ಒಸರನ್ನು ದುಪ್ಪಟ್ಟು ಮಾಡಿ ತೋರಿಸಬಲ್ಲದು. ಮಳೆ ಅಳೆಯದಿದ್ದರೆ ವೃಥಾ ಗಾಬರಿಯಾಗುತ್ತದೆ. ಅದಕ್ಕಿಂತ ಕೆಟ್ಟದ್ದು, ನಿಜವಾಗಿ ಒಸರು ಹೆಚ್ಚಿದ ದಿನವೂ ‘ಮಳೆ ನೀರಿರಬೇಕು ಬಿಡಿ’ ಎಂದು ಸುಮ್ಮನಾಗುವುದು.

ಮಾಪಕಗಳು

ಭಾರತೀಯ ಹವಾಮಾನ ಇಲಾಖೆ 1875ರಲ್ಲಿ ಸ್ಥಾಪನೆಯಾಯಿತು. ಅದು ದೀರ್ಘಕಾಲ ಬಳಸಿದ್ದು ಐದು ಇಂಚು ವ್ಯಾಸದ ಸೈಮನ್ಸ್ ಮಾಪಕ. ಅದರ ಜಾಗಕ್ಕೆ ಗಾಜಿನೆಳೆಯ ಪ್ಲಾಸ್ಟಿಕ್‌ನ ಮಾಪಕ ಬಂದಿದ್ದು, ಅದರ ಬಾಯಿಯ ವಿಸ್ತೀರ್ಣ 200 ಅಥವಾ 100 ಚದರ ಸೆಂಟಿಮೀಟರ್. 200ರ ಬಾಯಿಯಲ್ಲಿ ಒಂದು ಮಿಲಿಮೀಟರ್ ಮಳೆಗೆ 20 ಮಿಲಿಲೀಟರ್ ನೀರು ಕೂಡುತ್ತದೆ. ಆಯಾ ಬಾಯಿಗೆ ತಕ್ಕ ಅಳತೆ ಗಾಜು ಬೇರೆ ಬೇರೆ. ಒಂದರ ಗಾಜನ್ನು ಇನ್ನೊಂದಕ್ಕೆ ಬಳಸಿದರೆ ಮಳೆ ಇಮ್ಮಡಿಯೋ ಅರ್ಧವೋ ಆಗಿಬಿಡುತ್ತದೆ.

ಓದುವ ಹೊತ್ತು ದೇಶದಾದ್ಯಂತ ಬೆಳಿಗ್ಗೆ 8.30. ಆ ಹೊತ್ತಿಗೆ ಮುಗಿದ 24 ತಾಸಿನ ಮಳೆಯನ್ನು ಓದಿದ ದಿನದ ತಾರೀಖಿಗೆ ಬರೆಯುತ್ತಾರೆ. ಆಗಸ್ಟ್ 6ರ ರಾತ್ರಿ ಹತ್ತಕ್ಕೆ ಸುರಿದದ್ದು 7ರ ಮಳೆಯಾಗುತ್ತದೆ. ಬೆಳಗಿನ ಜಾವ ಶುರುವಾಗಿ ಹತ್ತು ಗಂಟೆಗೆ ನಿಂತ ಜಡಿಮಳೆ ಎರಡು ದಿನಕ್ಕೆ ಹಂಚಿಹೋಗುತ್ತದೆ. ಬೆಳೆಯ ಲೆಕ್ಕಕ್ಕೆ ಇದರಿಂದ ತೊಂದರೆಯಿಲ್ಲ. 6ರ ರಾತ್ರಿ ಕುಸಿದ ದಂಡೆಯ ಕಾರಣ ಹುಡುಕುವವರು ಮಾತ್ರ 6ರ ಸಾಲಿನಲ್ಲಿ ಸೊನ್ನೆ ಕಂಡು ದಾರಿ ತಪ್ಪುತ್ತಾರೆ.

ತಾಸುತಾಸಿನ ಲೆಕ್ಕಕ್ಕೆ ತಾನಾಗಿ ದಾಖಲಿಸುವ ಮಾಪಕ ಬೇಕು. ಹಳೆಯದು ಸೈಫನ್ ಮಾಪಕ. ತೇಲುವ ಬುರುಡೆ ಏರಿದಂತೆ ಲೇಖನಿ ಕಾಗದದ ಮೇಲೆ ಗೆರೆ ಎಳೆಯುತ್ತದೆ, 10 ಮಿಲಿಮೀಟರ್ ತುಂಬಿದಾಗ ನೀರು ತಾನೇ ಬರಿದಾಗಿ ಗೆರೆ ಕೆಳಗಿಳಿಯುತ್ತದೆ. ಇಂದು ಎಲ್ಲೆಲ್ಲೂ ಇರುವುದು ಟಿಪ್ಪಿಂಗ್ ಬಕೆಟ್. ಆಲಿಕೆಯ ಕೆಳಗೆ ತಕ್ಕಡಿಯಂತೆ ಓಲಾಡುವ ಎರಡು ಪುಟ್ಟ ತೊಟ್ಟಿಗಳಿರುತ್ತವೆ. ಒಂದು ತುಂಬಿದೊಡನೆ ಮಗುಚಿ ಇನ್ನೊಂದು ಮೇಲೆ ಬರುತ್ತದೆ, ಪ್ರತಿ ಮಗುಚಿಗೂ ವಿದ್ಯುತ್ ಸಂಕೇತ ಹೋಗುತ್ತದೆ. ಆಲಿಕೆಯ ವ್ಯಾಸ 200 ಮಿಲಿಮೀಟರ್, ಒಂದು ಮಗುಚಿಗೆ 0.2 ಮಿಲಿಮೀಟರ್ ಎಂದಿದ್ದರೆ ತೊಟ್ಟಿಯಲ್ಲಿ ಹಿಡಿಯಬೇಕಾದದ್ದು 6.28 ಮಿಲಿಲೀಟರ್.

ಪರೀಕ್ಷಿಸುವುದು ಕಷ್ಟವಲ್ಲ. 628 ಮಿಲಿಲೀಟರ್ ನೀರನ್ನು ಸುಮಾರು ಒಂದು ತಾಸಿನ ಅವಧಿಯಲ್ಲಿ ಹನಿಹನಿಯಾಗಿ ಆಲಿಕೆಗೆ ಬಿಟ್ಟರೆ 100 ಮಗುಚಿ ಎಣಿಕೆಯಾಗಬೇಕು. ಅವಸರದಲ್ಲಿ ಒಮ್ಮೆಲೇ ಸುರಿದರೆ ಎಣಿಕೆ ಕಡಿಮೆ ಬರುತ್ತದೆ, ಏಕೆಂದರೆ ತೊಟ್ಟಿ ಮಗುಚುವ ಅರೆಕ್ಷಣದಲ್ಲಿ ಬಿದ್ದ ನೀರು ತುಂಬಿದ ತೊಟ್ಟಿಗೇ ಸೇರಿ ಹೊರಹೋಗುತ್ತದೆ. ಹಸ್ತದ ಮಳೆ ರಭಸದಿಂದ ಹೊಡೆಯುವಾಗಲೂ ಆಗುವುದು ಇದೇ. ನೆಲಕ್ಕೆ ಹೆಚ್ಚು ಅಪಾಯವಿರುವ ಹೊತ್ತಿನಲ್ಲೇ ಮಾಪಕ ಕಡಿಮೆ ತೋರಿಸುತ್ತದೆ. ಆದ್ದರಿಂದ ಮುಖ್ಯ ಏರಿಗಳ ಬಳಿ ಟಿಪ್ಪಿಂಗ್ ಬಕೆಟ್ ಪಕ್ಕದಲ್ಲಿ ಸಾದಾ ಮಾಪಕವನ್ನೂ ಇಟ್ಟು, ದಿನದ ಮೊತ್ತಗಳನ್ನು ತಾಳೆ ಹಾಕಬೇಕು.

ಕಬ್ಬಿನ ನಾಡಿನಲ್ಲಿ ಮಾಪಕ ಇಡುವುದು

ಮಾಪಕದ ಬಾಯಿ ನೆಲದಿಂದ ಸುಮಾರು 30 ಸೆಂಟಿಮೀಟರ್ ಎತ್ತರದಲ್ಲಿ, ಮಟ್ಟಸವಾಗಿ ಇರಬೇಕು. ಸುತ್ತಲಿನ ಗಿಡ, ಗೋಡೆ ಎಷ್ಟು ಎತ್ತರವೋ ಅದರ ಕನಿಷ್ಠ ಎರಡು ಪಟ್ಟು ದೂರದಲ್ಲಿರಬೇಕು. ಕಬ್ಬು ತುಂಬಿದ ಈ ಸೀಮೆಯಲ್ಲಿ ಈ ನಿಯಮ ಪಾಲಿಸುವುದು ಸುಲಭವಲ್ಲ. ಮಳೆಗಾಲದಲ್ಲಿ ನಾಟಿಯಾಗುವ ಆಡಸಾಲಿ ಕಬ್ಬು ವರ್ಷ ದಾಟಿ ಹೊಲದಲ್ಲಿರುತ್ತದೆ. ಬಯಲೆಂದು ಮಾಪಕ ಇಟ್ಟ ಕಾಲುವೆಯಂಚು ಮುಂದಿನ ಮಳೆಗಾಲಕ್ಕೆ ಆಳೆತ್ತರ ಮೀರಿದ ಕಬ್ಬಿನ ಗೋಡೆಯ ಮರೆಗೆ ಬಂದಿರುತ್ತದೆ. ಮೂರು ಮೀಟರ್ ಕಬ್ಬಿಗೆ ಆರು ಮೀಟರ್ ತೆರವು ಬೇಕು. ಜಾಗ ಆರಿಸುವಾಗ ಇಂದಿನ ಬಯಲನ್ನಲ್ಲ, ಬರುವ ವರ್ಷದ ಬೆಳೆಯನ್ನು ನೋಡಬೇಕು.

ಸಕ್ಕರೆ ಕಾರ್ಖಾನೆಗಳ ಹಂಗಾಮಿನಲ್ಲಿ ಹಾರುವ ಬೂದಿ ಆಲಿಕೆಯ ಜಾಲರಿಯಲ್ಲಿ ಕೂರುತ್ತದೆ. ಜೇಡ, ಇರುವೆ, ಹಕ್ಕಿಯ ಹಿಕ್ಕೆ ಸೇರಿ ಕಂಡಿ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡ ಮಾಪಕದ ಗುರುತು ದಾಖಲೆಯಲ್ಲೇ ಸಿಗುತ್ತದೆ: ಜೋರು ಮಳೆಯ ಏರಿಳಿತವಿಲ್ಲದೆ, ಮಳೆ ನಿಂತ ಮೇಲೂ ಸಮ ಅಂತರದಲ್ಲಿ ತಾಸುಗಟ್ಟಲೆ ಬರುವ ಮಗುಚಿಗಳು. ಆಲಿಕೆಯಲ್ಲಿ ನಿಂತ ನೀರು ತೊಟ್ಟಿಕ್ಕುತ್ತಿದೆ ಎಂದರ್ಥ. ಮೇ ಕೊನೆಯ ವಾರದಲ್ಲಿ ಒಮ್ಮೆ ಬಿಚ್ಚಿ ತೊಳೆದರೆ ಇದು ತಪ್ಪುತ್ತದೆ. ತಾರಸಿಯ ಮೇಲೆ ಕೂರಿಸಿದ ಮಾಪಕಕ್ಕೆ ಗಾಳಿಯ ಕಾಟ ಬೇರೆ. ಸುಳಿಗಾಳಿ ಸಣ್ಣ ಹನಿಗಳನ್ನು ಬಾಯಿಯಾಚೆ ಒಯ್ಯುವುದರಿಂದ ಅದು ನೆಲದ ಮಾಪಕಕ್ಕಿಂತ ಕಡಿಮೆ ಹಿಡಿಯುತ್ತದೆ.

ಎಷ್ಟು ಮಾಪಕ, ಎಲ್ಲಿ

ಬಯಲು ಸೀಮೆಯಲ್ಲಿ 520 ಚದರ ಕಿಲೋಮೀಟರಿಗೆ ಒಂದು ಮಾಪಕ ಎನ್ನುತ್ತದೆ ಭಾರತೀಯ ಮಾನಕ. ಐದೂ ತಾಲ್ಲೂಕು ಸೇರಿ 4,000 ಚದರ ಕಿಲೋಮೀಟರಿಗೆ ಮಿಕ್ಕಿದ ಪ್ರದೇಶ. ಈ ಲೆಕ್ಕದಲ್ಲಿ ಎಂಟು ಮಾಪಕ ಸಾಕು. ಜಲಸಂಪನ್ಮೂಲದ ಅಂದಾಜಿಗೆ ಅದು ಸರಿಯಿರಬಹುದು. ಒಂದು ಹಳ್ಳಿಯಲ್ಲಿ ಹೊಡೆದು ಪಕ್ಕದ ಹಳ್ಳಿಯನ್ನು ಒಣಗಲು ಬಿಡುವ ಹಿಂಗಾರಿನ ಗುಡುಗುಮಳೆಯನ್ನು ಎಂಟು ಮಾಪಕ ಹಿಡಿಯಲಾರವು.

ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿದ್ದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಶುರುವಾದ ಇದು ಇಂದು ರಾಜ್ಯದ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಸೌರಶಕ್ತಿಯ ಟೆಲಿಮೆಟ್ರಿಕ್ ಮಾಪಕಗಳನ್ನು ಹೊಂದಿದ್ದು, 15 ನಿಮಿಷಕ್ಕೊಮ್ಮೆ ಮಾಹಿತಿ ಪಡೆಯುತ್ತದೆ. ದೇಶದಲ್ಲಿ ಇಷ್ಟು ದಟ್ಟವಾದ ಜಾಲ ಅಪರೂಪ. ಬರ, ಬೆಳೆವಿಮೆಗಾಗಿ ಬೆಳೆದ ಈ ಜಾಲವನ್ನು ಏರಿ, ಕಾಲುವೆಗಳ ನಿಗಾಕ್ಕೂ ಪೂರ್ಣವಾಗಿ ಬಳಸಿಕೊಳ್ಳಬೇಕು.

ಹಳೆಯ ದಾಖಲೆ ಬಳಸುವವರು ಒಂದು ಸಂಗತಿ ನೆನಪಿಡಬೇಕು. ನಿಪ್ಪಾಣಿ ಮತ್ತು ಕಾಗವಾಡ ಹೊಸ ತಾಲ್ಲೂಕುಗಳು. ಅವುಗಳ ಹಿಂದಿನ ದಾಖಲೆ ಕ್ರಮವಾಗಿ ಚಿಕ್ಕೋಡಿ ಮತ್ತು ಅಥಣಿಯ ಹೆಸರಿನಲ್ಲಿದೆ. ವಿಭಜನೆಯ ನಂತರ ಚಿಕ್ಕೋಡಿಯ ಸರಾಸರಿ ಇಳಿದಂತೆ ಕಂಡರೆ ಅದು ಮಳೆ ಕಡಿಮೆಯಾಗಿದ್ದರಿಂದಲೇ ಎನ್ನಲಾಗದು. ಪಶ್ಚಿಮದ ಮಳೆಯ ಭಾಗ ಬೇರೆಯಾಗಿದ್ದರಿಂದಲೂ ಇರಬಹುದು. 1956ರ ಮೊದಲು ಈ ಪ್ರದೇಶ ಮುಂಬಯಿ ರಾಜ್ಯದಲ್ಲಿತ್ತು. ಅಂದಿನ ಅಂಕಿಗಳು ಇಂಚಿನಲ್ಲಿವೆ.

ಹೊಳೆಯಾಗಿ ಬರುವ ಮಳೆ

ಪಂಚಗಂಗೆಯನ್ನು ನರಸೋಬಾವಾಡಿಯಲ್ಲಿ ಕೂಡಿಕೊಂಡ ಕೃಷ್ಣೆ ಶಿರೋಳ ತಾಲ್ಲೂಕಿನ ರಾಜಾಪುರ ಬ್ಯಾರೇಜ್ ದಾಟಿ ಚಿಕ್ಕೋಡಿ ತಾಲ್ಲೂಕಿಗೆ ಬರುತ್ತಾಳೆ. ಕಲ್ಲೋಳ, ಯಡೂರಿನ ಬಳಿ ದೂಧಗಂಗೆ ಸೇರುತ್ತದೆ. ಸದಲಗಾದಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದೆ. ಘಟ್ಟದಲ್ಲಿ 1,000 ಚದರ ಕಿಲೋಮೀಟರಿನ ಮೇಲೆ 100 ಮಿಲಿಮೀಟರ್ ಮಳೆಯಾದರೆ 3.5 ಟಿಎಂಸಿ ನೀರು. ಜುಲೈ, ಆಗಸ್ಟ್‌ನಲ್ಲಿ ಅಂಥ ಮಳೆ ದಿನವೂ ಬರುವುದುಂಟು. ಕಲ್ಲೋಳ–ಯಡೂರ, ಕಾರದಗಾ–ಭೋಜ, ಅಕ್ಕೋಳ–ಸಿದ್ನಾಳ, ಜತ್ರಾಟ–ಭಿವಶಿ ಕೆಳಮಟ್ಟದ ಸೇತುವೆಗಳು ಮುಳುಗಿದ ಸುದ್ದಿ ಪ್ರತಿ ಮಳೆಗಾಲದ ಮಾಮೂಲು. 2019ರ ಆಗಸ್ಟ್‌ನಲ್ಲಿ ಮತ್ತು 2021ರ ಜುಲೈನಲ್ಲಿ ವೇದಗಂಗೆ ಉಕ್ಕಿ, ನಿಪ್ಪಾಣಿ ಹತ್ತಿರದ ಯಮಗರ್ಣಿಯಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯೇ ಬಂದ್ ಆಯಿತು.

ನೆಲದ ದೃಷ್ಟಿಯಿಂದ ನೆರೆ ಏರುವ ದಿನಗಳಷ್ಟೇ ಕಠಿಣ ಅದು ಇಳಿಯುವ ದಿನಗಳು. ಏರಿದ ನೀರು ದಂಡೆಯ ಮಣ್ಣನ್ನು ಒಳಗಿನವರೆಗೆ ನೆನೆಸಿರುತ್ತದೆ, ಹೊರಗಿನಿಂದ ಒತ್ತಿ ಆಸರೆಯನ್ನೂ ಕೊಟ್ಟಿರುತ್ತದೆ. ಹೊಳೆ ಬೇಗ ಇಳಿದರೆ ಆಸರೆ ಹೋಗುತ್ತದೆ. ಜೇಡಿಮಣ್ಣು ಒಳಗಿನ ನೀರನ್ನು ಅಷ್ಟು ಬೇಗ ಬಿಡುವುದಿಲ್ಲ. ಒಳಗಿನ ಒತ್ತಡ ಹಾಗೆಯೇ ಉಳಿದು ದಂಡೆ ದಿಮ್ಮಿದಿಮ್ಮಿಯಾಗಿ ಹೊಳೆಗೆ ಜಾರುತ್ತದೆ. ಸೇತುವೆಗೆ ಏರುವ ರಸ್ತೆಯ ಮಣ್ಣುದಿಬ್ಬಕ್ಕೂ, ಏತ ನೀರಾವರಿಯ ಜಾಕ್‌ವೆಲ್ ಸುತ್ತಲಿನ ತುಂಬುಮಣ್ಣಿಗೂ ಇದೇ ಅಪಾಯ. ಆ ದಿನ ಅಥಣಿಯಲ್ಲಿ ಬಿಸಿಲಿರಬಹುದು, ಮಾಪಕದಲ್ಲಿ ಸೊನ್ನೆ ಇರಬಹುದು. ಆದ್ದರಿಂದ ಇಲ್ಲಿನ ನಿಗಾ ಪಟ್ಟಿಯಲ್ಲಿ ಸ್ಥಳೀಯ ಮಳೆ, ಘಟ್ಟದ ಮಳೆ, ಹೊಳೆಯ ಮಟ್ಟ ಮೂರೂ ಒಂದೇ ಹಾಳೆಯಲ್ಲಿರಬೇಕು. ಅಥಣಿ, ಕಾಗವಾಡದ ಅಗ್ರಣಿ ಹೊಳೆಯ ಕತೆ ಇದಕ್ಕೆ ಉಲ್ಟಾ. ವರ್ಷದ ಬಹುಕಾಲ ಒಣಗಿರುವ ಅದು ಮಳೆನೆರಳಿನ ಗುಡುಗುಮಳೆಗೆ ದಿಢೀರನೆ ತುಂಬುತ್ತದೆ. ಅಲ್ಲಿ 15 ನಿಮಿಷದ ಅಂಕಿಯೇ ಮುನ್ಸೂಚನೆ.

ಅಪಾಯದ ಗೆರೆ

ಎಷ್ಟು ಮಳೆಯಾದರೆ ಇಳಿಜಾರು ಕುಸಿಯುತ್ತದೆ? ನೆಲ್ ಕೇನ್ 1980ರಲ್ಲಿ ಜಗತ್ತಿನ 73 ಘಟನೆಗಳನ್ನು ಕೂಡಿಸಿ ಒಂದು ಗೆರೆ ಎಳೆದರು. ಅದರಂತೆ ಒಂದು ತಾಸಿನ ಮಳೆಗೆ ಗಡಿ ಸುಮಾರು 15 ಮಿಲಿಮೀಟರ್, ಇಡೀ ದಿನದ ಮಳೆಗೆ ಸುಮಾರು 103 ಮಿಲಿಮೀಟರ್. ಕಡಿದಾದ ಇಳಿಜಾರಿನ ತೆಳುಮಣ್ಣಿಗೆ ಸಂಬಂಧಿಸಿದ ಈ ಗೆರೆಯನ್ನು ನಿಪ್ಪಾಣಿ ಬಳಿಯ ತವಂದಿ ಘಾಟಿನಂಥ ಕಡೆ ಮೊದಲ ಅಂದಾಜಿಗೆ ಬಳಸಬಹುದು. ಟ್ರ್ಯಾಪ್ ಕಲ್ಲಿನ ಪದರಗಳ ನಡುವೆ ಕೆಂಜೇಡಿಯ ತೆಳು ಪದರ ಇರುವಲ್ಲಿ ನೀರು ಅದರ ಮೇಲೆ ನಿಂತು ಕಡಿದ ಮೈಯಿಂದ ಒಸರುತ್ತದೆ. ಅಂಥ ಜಾಗಗಳ ಬಳಿಯೇ ಮಾಪಕ ಬೇಕು. ಎರೆಮಣ್ಣಿನ ಏರಿಗೆ ಮಾತ್ರ ಕೇನ್ ಗೆರೆ ಹೊಂದದು.

ಏರಿಗೆ ಹೆಚ್ಚು ಉಪಯುಕ್ತವಾದದ್ದು ಹಿಂದಿನ ಮಳೆಯ ಸೂಚ್ಯಂಕ. ನಿನ್ನೆಯ ಸೂಚ್ಯಂಕವನ್ನು 0.9ರಿಂದ ಗುಣಿಸಿ ಇಂದಿನ ಮಳೆ ಕೂಡಿಸಬೇಕು. ಮೂರು ದಿನ ಸತತ 40 ಮಿಲಿಮೀಟರ್ ಬಿದ್ದರೆ ಸೂಚ್ಯಂಕ 40, 76, 108 ಎಂದು ಏರುತ್ತದೆ. ಬಳಿಕ ಹತ್ತು ದಿನ ಒಣಹವೆಯಿದ್ದರೆ 38ಕ್ಕೆ ಇಳಿಯುತ್ತದೆ. ನೀರು ಬೇಗ ಬಿಡದ ಎರೆಮಣ್ಣಿಗೆ ಗುಣಕ 0.95ರ ಹತ್ತಿರ ಇಡುವುದು ಲೇಸು.

ಇಲ್ಲೊಂದು ತೊಡಕಿದೆ. ಕಬ್ಬಿಗೆ ಒಮ್ಮೆ ಹಾಯಿಸಿದ ನೀರು ಸುಮಾರು 75 ಮಿಲಿಮೀಟರ್ ಮಳೆಗೆ ಸಮ, ಅದು ಯಾವ ಮಾಪಕದಲ್ಲೂ ಕಾಣಿಸುವುದಿಲ್ಲ. ಘಟಪ್ರಭಾ ಎಡದಂಡೆ, ಚಿಕ್ಕೋಡಿ ಶಾಖಾ ಕಾಲುವೆ, ಹಿಪ್ಪರಗಿ ಬ್ಯಾರೇಜ್‌ನ ಏತ ನೀರಾವರಿಗಳ ಕೆಳಗೆ ಎಷ್ಟೋ ಹೊಲಗಳು ಸವಳು-ಜವಳಾಗಿವೆ. ಅಲ್ಲಿ ಅಂತರ್ಜಲ ನೆಲದ ಹತ್ತಿರವೇ ಇರುವುದರಿಂದ ಸಣ್ಣ ಮಳೆಯೂ ದೊಡ್ಡ ಪರಿಣಾಮ ಮಾಡುತ್ತದೆ. ನೀರಾವರಿಯ ಸರದಿಯನ್ನು ಮಳೆಯ ಲೆಕ್ಕಕ್ಕೆ ಸೇರಿಸದ ಸೂಚ್ಯಂಕ ಈ ನೆಲದ ಹಸಿಯನ್ನು ಹೇಳಲಾರದು.

ಮನೆಯ ಗೋಡೆಯೂ ಮಣ್ಣಿನ ರಚನೆಯೇ. 2021ರ ಅಕ್ಟೋಬರ್‌ನಲ್ಲಿ ಬೆಳಗಾವಿ ತಾಲ್ಲೂಕಿನ ಬಡಾಲ ಅಂಕಲಗಿಯಲ್ಲಿ ಮಳೆಗೆ ನೆನೆದ ಮನೆ ಕುಸಿದು ಏಳು ಜನ ತೀರಿಕೊಂಡರು. ಅಣೆಕಟ್ಟಿಗೆ ಸಿಗುವ ಗಮನ ಮಣ್ಣಿನ ಗೋಡೆಗೆ ಸಿಗುವುದಿಲ್ಲ. ಆದರೆ ಗೋಡೆಯ ಬುಡಕ್ಕೆ ಅನ್ವಯಿಸುವುದೂ ಇದೇ ಹಿಂದಿನ ಮಳೆಯ ಲೆಕ್ಕ. ಪಂಚಾಯಿತಿಯ ಮಾಪಕದ ಸೂಚ್ಯಂಕ ಒಂದು ಮಟ್ಟ ಮೀರಿದ ಸಂಜೆ ಹಳೆಯ ಮಾಳಿಗೆ ಮನೆಗಳವರನ್ನು ಶಾಲೆಗೋ ಸಮುದಾಯ ಭವನಕ್ಕೋ ಕಳಿಸಬಹುದು. ಬೇಕಾದ ಅಂಕಿಗಳು ಈಗಾಗಲೇ ಬರುತ್ತಿವೆ.

ಅಣೆಕಟ್ಟು ಸುರಕ್ಷತಾ ಕಾಯಿದೆ, 2021 ನಿರ್ದಿಷ್ಟ ಅಣೆಕಟ್ಟುಗಳ ಬಳಿ ಜಲ-ಹವಾಮಾನ ಕೇಂದ್ರ ಇರಬೇಕೆಂದು ವಿಧಿಸಿದೆ. 15 ಮೀಟರಿಗಿಂತ ಎತ್ತರದವು, ಮತ್ತು ಕೆಲವು ಷರತ್ತಿಗೆ ಒಳಪಟ್ಟು 10ರಿಂದ 15 ಮೀಟರಿನವು ಈ ವ್ಯಾಪ್ತಿಗೆ ಬರುತ್ತವೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನ ರಾಜಾ ಲಖಮಗೌಡ ಜಲಾಶಯ ಇದರೊಳಗಿದೆ. ಈ ಎತ್ತರದ ಮಿತಿಗಿಂತ ಗಿಡ್ಡದಾದ ಕೆರೆಯೇರಿ, ಕಾಲುವೆ ದಂಡೆ, ಇಂಗುಕೆರೆಗಳಿಗೆ ಈ ವಿಧಿ ಅನ್ವಯಿಸುವುದಿಲ್ಲ. ಅವುಗಳಿಗೆ ಹತ್ತಿರದ ಪಂಚಾಯಿತಿಯ ಟೆಲಿಮೆಟ್ರಿಕ್ ಮಾಪಕ ಯಾವುದೆಂದು ಗುರುತಿಸಿ, ಏರಿಯ ದಾಖಲೆ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಬೇಕು. ಏರಿಯ ಮೇಲೆ ಒಂದು ಸಾದಾ ಮಾಪಕ, ಬುಡದಲ್ಲಿ ಒಸರು ಅಳೆಯುವ ಕಚ್ಚು, ಒಳಬದಿಯಲ್ಲಿ ನೀರಿನ ಮಟ್ಟದ ಕಲ್ಲು ಇದ್ದರೆ, ಜೂನ್‌ನಿಂದ ಅಕ್ಟೋಬರ್ ಕೊನೆಯವರೆಗೆ ದಿನವೂ 8.30ಕ್ಕೆ ಮೂರನ್ನೂ ಓದಿ ಬರೆಯುವುದು ಒಬ್ಬ ನೀರುಗಂಟಿಗೆ ಕಾಲು ತಾಸಿನ ಕೆಲಸ.